ಎಂಟನೆಯ ಡಬ್ಬಿ

ಹೋದ ತಿಂಗಳು ಗದಗಿನಿಂದ ನನಗೊಂದು ಕಾರ್ಡು ಬಂತು. ಬರೆದವಳು ನಮ್ಮ ಡ್ರಾಯಿಂಗ್ ಮಾಸ್ತರರ ಮಗಳು. ‘ಕಾಕಾ, ಅಪ್ಪ ತೀರಿಕೊಂಡರು. ಕಡೆಯವರೆಗೂ ಇಂಡಿ ಊರಿನ ಮಾತೇ ಆಡುತ್ತಿದ್ದರು’ ಎಂದು ಮೊದಲ ಎರಡು ಸಾಲು. ಮೂರನೆಯ ಸಾಲು ಓದಿ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ, ಆಮೇಲೆ ಕಣ್ಣು ಒರೆಸಿಕೊಂಡೆ. ಒಳಗಿನಿಂದ ಬಂದ ಹೆಂಡತಿ, ‘ಸಾವಿನ ಕಾರ್ಡ್ ಓದಿ ನಗಾಕತ್ತೀರಲ್ಲ, ತಲಿ ನೆಟ್ಟಗೈತೋ ಇಲ್ಲೋ?’ ಎಂದಳು. ಆ ಮೂರನೆಯ ಸಾಲು ಏನೆಂದು ಹೇಳಬೇಕಾದರೆ ಮಾಸ್ತರರು ಎಂಥವರೆಂದು ಮೊದಲು ಹೇಳಬೇಕಾಗುತ್ತದೆ. ಸ್ವಲ್ಪ ತಡೆದುಕೊಳ್ಳಿ.

ಅದು ಎಪ್ಪತ್ತರ ದಶಕ. ಇಂಡಿಯ ಹೈಸ್ಕೂಲಿನಲ್ಲಿ ನಾನು ಕ್ಲಾರ್ಕ್. ವಯಸ್ಸು ಇಪ್ಪತ್ನಾಲ್ಕು, ಸಿಟ್ಟು ಮೂಗಿನ ತುದಿಯಲ್ಲಿ. ದೇವರ ವಿಷಯದಲ್ಲಿ ನನಗೂ ದೇವರಿಗೂ ಒಂದು ಒಪ್ಪಂದವಿತ್ತು. ನಾನು ಅವನ ತಂಟೆಗೆ ಹೋಗುತ್ತಿರಲಿಲ್ಲ, ಅವನೂ ನನ್ನ ತಂಟೆಗೆ ಬರುತ್ತಿರಲಿಲ್ಲ. ಕೊರಳಲ್ಲಿ ಲಿಂಗವಿತ್ತು, ಅದು ಅವ್ವನ ಸಮಾಧಾನಕ್ಕೆ. ಮಾಸ್ತರರಿಗೆ ಆಗ ಐವತ್ತರ ಹತ್ತಿರ. ಎತ್ತರದ ಆಳು, ಬಿಳಿ ಪೈಜಾಮ, ಬೇಸಿಗೆಯಲ್ಲೂ ಬಿಡದ ಕಂದು ಕೋಟು, ಆ ಕೋಟಿನ ಜೇಬಿನ ತುಂಬ ಬಣ್ಣದ ಚಾಕ್‌ಪೀಸಿನ ಚೂರು. ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಅದನ್ನು ದಾರದಿಂದ ಕಿವಿಗೆ ಕಟ್ಟಿಕೊಂಡಿದ್ದರು. ಹೊಸದು ಮಾಡಿಸಿಕೊಳ್ಳಿ ಎಂದರೆ, ‘ಹಳೇದರಾಗ ಕಾಣಾಕತ್ತೈತಲ್ಲ ತಮ್ಮಾ’ ಎನ್ನುತ್ತಿದ್ದರು. ಗದಗಿನ ಕಡೆಯ ಕ್ರಿಶ್ಚಿಯನ್ ಮನೆತನ. ಹೆಂಡತಿ ತೀರಿಕೊಂಡ ಮರುವರ್ಷ ಇಂಡಿಗೆ ವರ್ಗವಾಗಿ ಬಂದರು. ಮಗಳು ಗದಗಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು, ಇವರು ಇಲ್ಲಿ ಒಬ್ಬರೇ.

ಅವರಿಗಿದ್ದ ಚಟಗಳು ಎರಡೇ. ಒಂದು ಕಡಕ್ ಚಾ. ಇನ್ನೊಂದು ಸಿನಿಮಾ.

ಊರ ಹೊರಗೆ ಟೆಂಟ್ ಟಾಕೀಸು ಬಂದರೆ ಮಾಸ್ತರರು ಮೊದಲ ಆಟಕ್ಕೆ ಹಾಜರು. ಹಳೆಯ ಕಪ್ಪುಬಿಳುಪು ಚಿತ್ರವಾದರಂತೂ ಮೂರು ಸಲ. ಚಿತ್ರಕಲೆಯವರಲ್ಲವೇ, ಕಥೆಗಿಂತ ನೆರಳು ಬೆಳಕು ನೋಡುತ್ತಿದ್ದರು. ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ನಾನೋ, ಜನ ಏಳುವ ಮೊದಲೇ ಎದ್ದು ಸೈಕಲ್ ತೆಗೆದುಕೊಂಡು ಪಾರಾಗುವ ಪೈಕಿ. ಒಮ್ಮೆ ಹಾಗೆ ಎದ್ದಾಗ ಅಂಗಿಯ ತುದಿ ಹಿಡಿದು ಕೂಡಿಸಿದರು.

‘ಎಲ್ಲಿ ಓಡ್ತಿ? ಕೂಡು.’

‘ಮುಗೀತಲ್ಲ ಸರ. ಕಳ್ಳ ಸಿಕ್ಕಾತು, ಇನ್ನೇನೈತಿ?’

‘ಕಡೀ ರೀಲು ಮುಗಿಯೂತನಾ ಯಾರನ್ನೂ ಕಳ್ಳ ಅನಬ್ಯಾಡ.’

ಪರದೆ ಖಾಲಿಯಾಗಿ, ಟೆಂಟಿನವರು ಬೆಂಚು ಮಗುಚಲು ಶುರುಮಾಡಿದ ಮೇಲೇ ಅವರು ಏಳುತ್ತಿದ್ದುದು. ಈ ಕಡೆಯ ರೀಲಿನ ಮಾತನ್ನು ಅವರು ಶಾಲೆಗೂ ತಂದರು. ಗಣಿತದಲ್ಲಿ ನಾಲ್ಕು ಅಂಕ ತೆಗೆದ ಹುಡುಗನನ್ನು ಹೆಡ್‌ಮಾಸ್ತರರು ಬೈಯುತ್ತಿದ್ದರೆ ಇವರು ಮಧ್ಯೆ ಬಾಯಿ ಹಾಕಿ, ‘ಸರ, ಅಂವಂದು ಇನ್ನೂ ಮೂರನೇ ರೀಲು ನಡದೈತಿ’ ಎನ್ನುತ್ತಿದ್ದರು. ಕುಡಿದು ಬರುತ್ತಿದ್ದ ಜವಾನನಿಗೆ ಐದನೆಯ ರೀಲು. ನನಗೆ ಎಷ್ಟನೆಯದು ಎಂದು ಕೇಳಿದರೆ, ‘ನಿಂದು ಇನ್ನೂ ಹೆಸರು ತೋರಸಾಕತ್ತಾರ’ ಎಂದು ನಗುತ್ತಿದ್ದರು.

ಇಂಡಿಯಲ್ಲಿ ಆಗ ಚರ್ಚು ಇರಲಿಲ್ಲ. ರವಿವಾರ ಬೆಳಿಗ್ಗೆ ಮಾಸ್ತರರ ಬಾಡಿಗೆ ಮನೆಯ ಮುಂದಿನ ಬೇವಿನ ಮರದಡಿ ಚಾಪೆ ಹಾಸುತ್ತಿದ್ದರು. ಸರಕಾರಿ ದವಾಖಾನೆಯ ಸಿಸ್ಟರ್ ಒಬ್ಬರು, ಇಂಡಿ ರೋಡ್ ಸ್ಟೇಶನ್ನಿನ ಗ್ಯಾಂಗ್‌ಮನ್ ಮತ್ತು ಅವನ ಹೆಂಡತಿ ಮಕ್ಕಳು, ಮಾಸ್ತರರು. ಇಷ್ಟೇ ಸಭೆ. ನಾನು ಗೋಡೆಗೆ ಆತು ಕೂತಿರುತ್ತಿದ್ದೆ. ಯಾಕೆ ಬರ್ತೀಯ ಎಂದು ಯಾರೂ ಕೇಳಲಿಲ್ಲ. ಪ್ರಾರ್ಥನೆಯಾದ ಮೇಲೆ ಚಾ ಇರುತ್ತಿತ್ತು, ಅದಕ್ಕೆ ಬರುತ್ತಿದ್ದೆ.

ಮಾಸ್ತರರು ತಮ್ಮ ಕಪ್ಪು ರಟ್ಟಿನ ಪುಸ್ತಕದಿಂದ ನಾಲ್ಕು ಸಾಲು ಓದಿ ಮುಚ್ಚಿಟ್ಟು, ಆ ವಾರ ನೋಡಿದ ಸಿನಿಮಾದ ಮಾತು ತೆಗೆಯುತ್ತಿದ್ದರು. ಒಂದು ಚಿತ್ರದಲ್ಲಿ ಮನೆ ಬಿಟ್ಟು ಹೋಗಿ ಹಾಳಾದ ಮಗ ಹರಕು ಅಂಗಿಯಲ್ಲಿ ತಿರುಗಿ ಬರುವ ಸನ್ನಿವೇಶವಿತ್ತು.

‘ಟೆಂಟಿನ್ಯಾಗ ಎಲ್ಲಾರೂ ಮಗನ ಮಾರಿ ನೋಡಿ ಅತ್ತರು’ ಎಂದರು ಮಾಸ್ತರರು. ‘ನಾ ಅಪ್ಪನ ಕಾಲು ನೋಡಿದೆ. ಚಪ್ಪಲಿ ಇಲ್ಲ. ಮಗ ಇನ್ನೂ ದೂರ ಇದ್ದಾಗನ ಮುದುಕ ಓಡಾಕ ಹತ್ಯಾನ. ನಮ್ಮ ಕಡೆ ಗೌಡ ಅಂದ್ರ ಓಡ್ತಾನೇನು? ಕಟ್ಟಿ ಮ್ಯಾಲೆ ಕೂತ ಕರೀತಾನ. ಈ ಮುದುಕ ಮಾನ ಮರ್ಯಾದಿ ಬಿಟ್ಟು ಓಡಿದ. ನಮ್ಮ ಪುಸ್ತಕದಾಗ ಯೇಸು ಹೇಳಿದ ಕಥ್ಯಾಗಿನ ಅಪ್ಪನೂ ಹಂಗ ಓಡ್ತಾನ, ಆ ಅಪ್ಪ ಅಂದ್ರ ದೇವರು. ಇಪ್ಪತ್ತು ವರ್ಷ ಓದೇನಿ, ದೇವರು ಓಡ್ತಾನ ಅನ್ನೂದು ನನಗ ಟೆಂಟಿನ್ಯಾಗ ತಿಳೀತು.’

ಗ್ಯಾಂಗ್‌ಮನ್ ಕೈ ಎತ್ತಿ, ‘ಹಂಗಾರ ನಾವು ಸುಮ್ಮನ ನಿಂತ್ರೂ ನಡೀತೈತೇನ್ರಿ?’ ಎಂದ.

‘ನಡೀತೈತಿ. ಬೆನ್ನ ತಿರುವಿ ಓಡಬಾರದು, ಅಷ್ಟ.’

ಇಷ್ಟೆಲ್ಲ ಮಾತಾಡುವ ಮನುಷ್ಯ ವರ್ಷಕ್ಕೊಂದು ರವಿವಾರ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಯೇಸು ಸತ್ತು ಮೂರನೆಯ ದಿನ ಎದ್ದನೆಂದು ಹಬ್ಬ ಮಾಡುವ ಈಸ್ಟರ್ ದಿನ ಪುಸ್ತಕವನ್ನು ಸಿಸ್ಟರ್ ಕೈಗೆ ಕೊಟ್ಟು, ತಾವು ಹಿಂದೆ ಬಂದು ನನ್ನ ಪಕ್ಕದಲ್ಲಿ ಗೋಡೆಗೆ ಆತು ಕೂತುಬಿಡುತ್ತಿದ್ದರು. ಎರಡನೆಯ ವರ್ಷವೂ ಹಾಗೇ ಮಾಡಿದಾಗ ನಾನು ನನ್ನ ನಾಲಿಗೆ ತಡೆಯಲಾರದೆ ಕೇಳಿದೆ, ‘ಸರ, ಸತ್ತಾಂವ ಎದ್ದ ಅನ್ನೂದನ್ನ ನೀವು ನಂಬತೀರೇನು?’

ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿದರು. ದಾರ ಕಿವಿಗೆ ಕಟ್ಟಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

‘ಉಳಿದದ್ದೆಲ್ಲಾ ನಂಬೇನಿ ತಮ್ಮಾ. ಅದೊಂದು ಇನ್ನೂ ನಂಬಾಕತ್ತೇನಿ. ಮುಗದಿಲ್ಲ.’

ಒಳಗೆ ಗೋಡೆಯ ಮೇಲೆ ಅವರ ಹೆಂಡತಿಯ ಫೋಟೋ ಇತ್ತು. ಅದಕ್ಕೆ ಅವರು ಹಾರ ಹಾಕಿರಲಿಲ್ಲ. ನಾನು ಮತ್ತೆ ಆ ಮಾತು ತೆಗೆಯಲಿಲ್ಲ.

ಆ ಮರುವರ್ಷ ಮಾಸ್ತರರು ಹೆಡ್‌ಮಾಸ್ತರರ ಮುಂದೆ ಒಂದು ಅರ್ಜಿ ಇಟ್ಟರು. ಸೊಲ್ಲಾಪುರದ ಕಡೆಯ ಮಿಶನ್ನಿನವರ ಹತ್ತಿರ ಯೇಸುವಿನ ಕಥೆಯ ಒಂದು ಹಳೆಯ ಚಿತ್ರವಿದೆ, ಮಾತಿಲ್ಲದ ಚಿತ್ರ, ಎಂಟು ಡಬ್ಬಿ. ಮಶೀನು ಸಮೇತ ಕಳಿಸುತ್ತಾರೆ. ಗುಡ್ ಫ್ರೈಡೇ ಹೇಗೂ ಶಾಲೆಗೆ ಸೂಟಿ. ಅವತ್ತು ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ತೋರಿಸಲು ಅಪ್ಪಣೆ ಬೇಕು, ಊರಲ್ಲಿ ಯಾರು ಬೇಕಾದರೂ ಬಂದು ನೋಡಲಿ. ಇಂಡಿಗೆ ಬಂದ ಮೇಲೆ ಅವರು ತಮಗಾಗಿ ಕೇಳಿದ್ದು ಇದೊಂದೇ. ಹೆಡ್‌ಮಾಸ್ತರರು ಎಷ್ಟು ಗೊಣಗಿದರೂ ಕೊಟ್ಟರು. ‘ಶನಿವಾರ ಮುಂಜಾನೆ ಹಾಲು ಮೊದಲಿನಂಗ ಇರಬೇಕು’ ಎಂದರು. ಹಾಲಿನ ಕೀಲಿ ನನ್ನ ಹತ್ತಿರ. ಏನಾದರೂ ಎಡವಟ್ಟಾದರೆ ಬೈಗುಳ ನನಗೇ ಎಂದು ಆಗಲೇ ಗೊತ್ತಾಯಿತು.

ಮೊದಲ ತಾಪತ್ರಯ ಬೆಳಕು. ಹಾಲಿಗೆ ಹನ್ನೊಂದು ಕಿಟಕಿ, ಎರಡು ಬಾಗಿಲು. ಮಧ್ಯಾಹ್ನದ ಬಿಸಿಲಿನಲ್ಲಿ ಪರದೆಯ ಮೇಲೆ ಏನು ಕಂಡೀತು? ಆಗ ಶಾಲೆಯ ಹಿಂದಿನ ಹೊಲದಲ್ಲಿ ಕುರಿಗಾರರು ಹಟ್ಟಿ ಹಾಕಿದ್ದರು. ಮಾಸ್ತರರು ನೇರ ಅಲ್ಲಿಗೆ ಹೋದರು. ಅವರ ಹಿರಿಯಳು ಒಬ್ಬ ಆಯಿ. ಹಣೆಯ ತುಂಬ ಹಸಿರು ಹಚ್ಚೆ, ಬಾಯಲ್ಲಿ ಎರಡೇ ಹಲ್ಲು.

‘ಯವ್ವಾ, ಹದಿಮೂರು ಕಂಬಳಿ ಬೇಕಾಗಿದ್ದುವು. ಒಂದ ದಿನಕ್ಕ.’

‘ಕಂಬಳಿ ಕೊಟ್ಟು ನಾವೇನ್ ಹೊಚಗೋಬೇಕು? ಯಾತಕ್ಕ ಬೇಕು?’

‘ಒಬ್ಬಾಂವನ ಕಥಿ ತೋರಸ್ತೇನಿ. ತಾನೂ ಕುರಿ ಕಾಯಾಂವ ಅಂತ ಹೇಳ್ಕೋತಿದ್ದ.’

‘ಹೇಳ್ಕೋತಿದ್ದನೋ, ಖರೇನ ಕಾಯ್ತಿದ್ದನೋ?’

‘ನೀನ ಬಂದು ನೋಡಿ ಹೇಳು’ ಎಂದರು ಮಾಸ್ತರರು.

ಆಯಿಗೆ ಈ ಉತ್ತರ ಹಿಡಿಸಿತು. ಶುಕ್ರವಾರ ಬೆಳಿಗ್ಗೆ ಕುರಿಗಾರರೇ ಬಂದು ಕಿಟಕಿ ಬಾಗಿಲಿಗೊಂದರಂತೆ ಕರಿ ಕಂಬಳಿ ಕಟ್ಟಿದರು. ಹಾಲು ಕತ್ತಲೆಯಾಯಿತು, ಕುರಿಯ ವಾಸನೆಯೂ ತುಂಬಿತು. ಅಷ್ಟರಲ್ಲಿ ಮಶೀನಿನವನು ಬಸ್ಸಿನಿಂದ ಇಳಿದು ಬಂದ. ಬಸ್ ಸ್ಟ್ಯಾಂಡಿನ ಹಮಾಲ ಬಸ್ಸಿನ ಮೇಲಿನಿಂದ ಡಬ್ಬಿಗಳನ್ನು ಇಳಿಸಿ ತಂದು ಒಂದರ ಮೇಲೊಂದು ಒಟ್ಟಿದ. ದುಂಡನೆಯ ತಗಡಿನ ಡಬ್ಬಿಗಳು, ಎಂಟಕ್ಕೆ ಎಂಟು.

ಮಧ್ಯಾಹ್ನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಲಿಂಬಿ ಪ್ಯಾಟಿಯ ದಲಾಲರು, ದವಾಖಾನೆಯವರು, ಹೊರ್ತಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದವರು, ಎಲ್ಲರ ಮುಂದೆ ನೆಲದ ಮೇಲೆ ಆಯಿ ಮತ್ತು ಅವಳ ಮಂದಿ. ಚಿತ್ರಕ್ಕೆ ಮಾತಿಲ್ಲವಲ್ಲ, ಮಾಸ್ತರರೇ ಪಕ್ಕಕ್ಕೆ ನಿಂತು ಕಥೆ ಹೇಳಿದರು. ಅವರ ಬಾಯಲ್ಲಿ ಎಲ್ಲವೂ ನಮ್ಮ ತಾಲ್ಲೂಕಿನಲ್ಲೇ ನಡೆಯಿತು. ಬಲೆ ಬೀಸುವವರು ಭೀಮಾ ಹೊಳೆಯವರಾದರು. ತೀರ್ಪು ಕೊಡುವ ದೊಡ್ಡ ಅಧಿಕಾರಿ ಕೈ ತೊಳೆದುಕೊಂಡಾಗ, ‘ಫೈಲ್ ಮ್ಯಾಲ ಕಳಿಸಿ ಕೈ ತೊಳಕೊಂಡ ನೋಡ್ರಿ’ ಎಂದರು. ಎಲ್ಲರೂ ತಹಶೀಲ್ದಾರ ಕಚೇರಿಯ ಗುಮಾಸ್ತನ ಕಡೆ ತಿರುಗಿ ನೋಡಿದರು. ಜೊತೆಯಲ್ಲಿದ್ದವನೇ ಹಿಡಿದುಕೊಟ್ಟಾಗ ಯಾರೋ ಪರದೆಗೆ ಚಪ್ಪಲಿ ಎಸೆದರು. ಇದಕ್ಕೆಲ್ಲ ಮೊದಲು, ಯೇಸು ಕುರಿಮರಿಯನ್ನು ಹೆಗಲ ಮೇಲೆ ಹೊತ್ತು ಬರುವಲ್ಲಿ ಮಾಸ್ತರರು ಮಾತು ನಿಲ್ಲಿಸಿ ಆಯಿಯ ಕಡೆ ನೋಡಿದರು. ಆಯಿ ಕಣ್ಣು ಕಿರಿದು ಮಾಡಿ ಪರೀಕ್ಷಿಸಿದಳು.

‘ಹೌದು. ನಾಲ್ಕೂ ಕಾಲು ಕೂಡಿಸಿ ಹಿಡದಾನ. ಕುರಿ ಕಾದಾಂವನ ಇಂವ.’

ಅಲ್ಲಿಂದ ಅವನು ಅವರವನಾದ. ಶಿಲುಬೆಗೆ ಹಾಕುವಾಗ ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡು ಅತ್ತರು. ಕೆಳಗಿಳಿಸಿ ಗುಹೆಯಲ್ಲಿಟ್ಟು ಬಾಗಿಲಿಗೆ ಬಂಡೆ ಉರುಳಿಸಿದರು. ಏಳನೆಯ ರೀಲು ಮುಗಿಯಿತು. ‘ತಡ್ರಿ, ಕಥಿ ಇಲ್ಲಿಗಿ ಮುಗದಿಲ್ಲ’ ಎಂದು ಮಾಸ್ತರರು ಹೇಳುತ್ತಿದ್ದಂತೆ ಮಶೀನಿನವನು ಎಂಟನೆಯ ಡಬ್ಬಿಯ ಮುಚ್ಚಳ ತೆಗೆದ.

ಡಬ್ಬಿಯ ತುಂಬ ಬುಂದಿ ಉಂಡಿ.

ಮೇಲೆ ಒಂದು ವೀಳ್ಯದೆಲೆ, ಒಂದು ಅರಿಶಿಣದ ಕೊಂಬು. ಮುಚ್ಚಳದ ಒಳಮೈಗೆ ಕುಂಕುಮ ಹಚ್ಚಿ, ‘ಯಂಕಂಚಿ’ ಎಂದು ಊರ ಹೆಸರು ಬರೆದ ಚೀಟಿ ಅಂಟಿಸಿದ್ದರು. ಹಮಾಲನನ್ನು ಹಿಡಿದು ತಂದು ಕೇಳಿದೆವು. ಬಸ್ಸಿನ ಮೇಲೆ ಸಿಂದಗಿಗೆ ಹೊರಟಿದ್ದ ಮದುವೆ ಮನೆಯವರ ಡಬ್ಬಿಗಳೂ ಇದ್ದವಂತೆ, ಅವೂ ದುಂಡನೆಯವೇ. ‘ತಗಡು ತಗಡು ಒಂದ ನಮೂನಿ ಇದ್ದುವ್ರಿ, ನಾ ಮೂಸಿ ನೋಡಬೇಕಿತ್ತೇನು?’ ಎಂದು ಅವನು ನಮಗೇ ತಿರುಗಿ ಬಿದ್ದ. ಅಂದರೆ ನಮ್ಮ ಕಡೆಯ ರೀಲು ಯಂಕಂಚಿಯ ಮದುವೆ ಮನೆ ಸೇರಿತ್ತು.

ಮಾಸ್ತರರ ಮುಖ ಸಣ್ಣದಾಯಿತು. ಜನರ ಮುಂದೆ ನಿಂತು ಇದ್ದದ್ದು ಇದ್ದಂತೆ ಹೇಳಿ, ‘ಕಡೀ ರೀಲಿನ್ಯಾಗ ಅಂವ ಏಳ್ತಾನ್ರಿ. ಆದರ ಇವತ್ತು ತೋರಸಾಕ ಆಗವಲ್ದು’ ಎಂದರು. ಜನ ಗೊಣಗುತ್ತ ಎದ್ದರು. ಆಯಿ ಮಾತ್ರ ಏಳಲಿಲ್ಲ.

‘ಸತ್ತಲ್ಲಿಗೆ ಆಟ ಮುಗಸೂದು ಎಲ್ಲಿ ಪದ್ಧತಿ? ದೊಡ್ಡಾಟದಾಗ ಸತ್ತ ವೇಷ ಸೈತ ಎದ್ದು ಮಂಗಳಾರತಿಗಿ ನಿಂದರ್ತಾವು. ಇಂವನ್ನ ಹಿಂಗ ಬಿಟ್ಟು ಹೆಂಗ ಹೋಗೂದು?’

‘ಐತ್ವಾರ ತೋರಸ್ತೇನಿ ಯವ್ವಾ’ ಎಂದುಬಿಟ್ಟರು ಮಾಸ್ತರರು. ‘ರೀಲು ತರ್ತೇನಿ.’

‘ಹಂಗಾರ ಕಂಬಳಿ ಇಲ್ಲೇ ಇರ್ಲಿ. ಆಟ ಮುಗೀದ ಡೇರೆ ಬಿಚ್ಚಂಗಿಲ್ಲ. ಅಂವ ಎದ್ದ ಮ್ಯಾಲೆ ಒಯ್ತೇವಿ.’

ಹದಿಮೂರು ಕಂಬಳಿಯೂ ಕಟ್ಟಿದಲ್ಲೇ ಉಳಿದವು. ಕುರಿಗಾರನಿಗೆ ಕಂಬಳಿ ಎಂದರೆ ಹಾಸಿಗೆ, ಹೊದಿಕೆ, ಕೊಡೆ ಎಲ್ಲವೂ. ಅದು ಮಾಸ್ತರರಿಗೂ ಗೊತ್ತಿತ್ತು. ಮಶೀನಿನವನು ಇನ್ನೊಂದು ಗಡುವು ಕೊಟ್ಟ. ‘ಐತ್ವಾರ ಎರಡರ ಬಸ್ಸಿಗಿ ನಾ ಹೋಗಾಂವ್ರಿ. ಸೋಮವಾರ ಮುದ್ದೇಬಿಹಾಳದಾಗ ಆಟ ಐತಿ.’ ಅಷ್ಟರೊಳಗೆ ರೀಲು ಬಂದರೆ ಸರಿ, ಇಲ್ಲದಿದ್ದರೆ ಮಾಸ್ತರರ ಮಾತು ಹೋದಂತೆ.

ಉಂಡಿ ಡಬ್ಬಿಯನ್ನು ಆಫೀಸಿನ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆವು. ಯಾರೂ ಮುಟ್ಟಬಾರದೆಂದು ಮಾಸ್ತರರ ಕಟ್ಟಪ್ಪಣೆ. ಕೀಲಿ ನನ್ನದು, ಹಸಿವೂ ನನ್ನದು. ಶನಿವಾರ ಬೆಳಿಗ್ಗೆ ಚಾ ಜೊತೆಗೆ ಒಂದೇ ಒಂದು ಉಂಡಿ ತಿಂದೆ. ಒಂದು ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಏಲಕ್ಕಿ ಹಾಕಿದ್ದರು, ಚೆನ್ನಾಗಿತ್ತು.

ಅವತ್ತೇ ನಾವಿಬ್ಬರೂ ಹೊರಟೆವು. ಹೊರಡುವ ಹೊತ್ತಿಗೆ ಹೆಡ್‌ಮಾಸ್ತರರು ಕತ್ತಲೆ ಹಾಲಿನ ಬಾಗಿಲಲ್ಲಿ ನಿಂತು ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಗೇಟಿನ ಹತ್ತಿರ ಆಯಿ ಕುರಿ ಹೊಡೆದುಕೊಂಡು ಎದುರಾದಳು.

‘ಎದ್ದಾನೇನ್ರಿ ಮಾಸ್ತರ?’

ಮಾಸ್ತರರು ಇಲ್ಲ ಎನ್ನಲಿಲ್ಲ, ಹೌದೆನ್ನಲಿಲ್ಲ. ‘ಹೋಗಿ ಬರ್ತೇನಬೇ’ ಎಂದರು.

ಸಿಂದಗಿಯವರೆಗೆ ಬಸ್ಸು, ಅಲ್ಲಿಂದ ಜೋಳದ ಕಣಕಿ ಹೇರಿದ ಚಕ್ಕಡಿ. ಡಬ್ಬಿ ಮಾಸ್ತರರ ತೊಡೆಯ ಮೇಲೆ. ಯಂಕಂಚಿ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಮದುವೆ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಹಂದರವೇ ಹೇಳುತ್ತಿತ್ತು. ಮನೆಯ ಯಜಮಾನಿ ಮದುಮಗಳ ಅಜ್ಜಿ, ಸೊಂಟದಲ್ಲಿ ಕೀಲಿ ಗೊಂಚಲು. ನಮ್ಮ ಮಾತೆಲ್ಲ ಕೇಳಿ ಸಮಾಧಾನವಾಗಿ ಹೇಳಿದಳು.

‘ಡಬ್ಬಿ ಎಲ್ಲಾ ದೇವರ ಖೋಲ್ಯಾಗ ಇಟ್ಟೇವ್ರಿ. ದೀಪ ಹಚ್ಚಿ ಪೂಜಿ ಮಾಡಿ ಬಾಗಲಾ ಹಾಕೇನಿ. ನಾಳಿ ಮುಂಜಾನಿ ಹುಡುಗಿಗಿ ಅರಿಶಿಣ ಹಚ್ಚಿ ನೀರು ಹಾಕೂತನಾ ಆ ಬಾಗಲಾ ತಗಿಯಂಗಿಲ್ಲ. ನಮ್ಮ ಮನಿ ಪದ್ಧತಿ.’

ನನಗೆ ಉರಿದುಹೋಯಿತು. ‘ಒಂದು ಬಾಗಲಾ ತಗದ್ರ ದೇವರೇನು ಓಡಿಹೋಗ್ತಾನೇನ್ರಿ?’ ಎಂದೆ. ಮಾಸ್ತರರು ನನ್ನ ತೋಳು ಹಿಡಿದರು.

‘ಬ್ಯಾಡ ತಮ್ಮಾ. ಅವರ ದೇವರ ಬಾಗಲಾ ಮುರದು ನನ್ನ ದೇವರನ್ನ ಹೊರಗ ತರಾಕ ಆಗಂಗಿಲ್ಲ.’ ಆಮೇಲೆ ಅಜ್ಜಿಯ ಕಡೆ ತಿರುಗಿ, ‘ಮುಂಜಾನಿನ ತಗೀರಿ ಯವ್ವಾ. ಕಾಯ್ತೇವಿ’ ಎಂದರು. ಮತ್ತೆ ನನ್ನ ಕಿವಿಯಲ್ಲಿ, ‘ನೋಡಿದ್ಯಾ? ಇಲ್ಲೂ ಬಾಗಲಾ ಹಾಕಿ ಇಟ್ಟಾರ’ ಎಂದು ಮುಸಿಮುಸಿ ನಕ್ಕರು. ನನಗೆ ನಗು ಬರಲಿಲ್ಲ.

ಕಾಯುವುದೆಂದರೆ ಸುಮ್ಮನೆ ಕೂಡುವ ಆಳಲ್ಲ ಅವರು. ಕೋಟು ಬಿಚ್ಚಿಟ್ಟು, ಸುಣ್ಣ ಮತ್ತು ಕೆಮ್ಮಣ್ಣು ಕೇಳಿ ಇಸಿದುಕೊಂಡು ತಲಬಾಗಿಲಿನ ಆಚೀಚೆ ಎರಡು ನವಿಲು, ಒಂದೊಂದು ಆನೆ ಬರೆದರು. ಮದುವೆಗೆ ಬಂದವರೆಲ್ಲ ಸುತ್ತ ನಿಂತು ನೋಡಿದರು. ಅಜ್ಜಿ ಬಂದು, ‘ಆನಿ ಬಾಲ ಸಣ್ಣದಾತು’ ಎಂದಳು. ಉದ್ದ ಮಾಡಿದರು. ಕೊನೆಯ ಆನೆ ಮುಗಿಯುವ ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಕಟ್ಟಿ, ಗಾಳಿ ಎದ್ದು, ದಪ್ಪ ಹನಿಯ ಅಡ್ಡಮಳೆ ಸುರಿಯಿತು. ಎಲ್ಲರೂ ಹಂದರ ಹಿಡಿಯಲು ಓಡಿದರು. ಮಾಸ್ತರರು ಕೈಯಲ್ಲಿ ಕುಂಚ ಹಿಡಿದು ಹೊಸ್ತಿಲಲ್ಲಿ ನಿಂತು ಇಂಡಿಯ ದಿಕ್ಕಿಗೆ ನೋಡಿದರು. ಅಲ್ಲಿಯೂ ಕರ್ರಗಿತ್ತು.

‘ಕಂಬಳಿ’ ಎಂದರು. ಊಟಕ್ಕೆ ಕರೆದರೂ ಸರಿಯಾಗಿ ಉಣ್ಣಲಿಲ್ಲ.

ಈಸ್ಟರ್ ರವಿವಾರ ಹೊತ್ತು ಮೂಡುತ್ತಿದ್ದಂತೆ ಮದುಮಗಳಿಗೆ ನೀರು ಹಾಕಿದರು. ಅಜ್ಜಿ ಮತ್ತು ಇಬ್ಬರು ಹೆಂಗಸರು ದೇವರ ಖೋಲಿಯ ಬಾಗಿಲು ತೆಗೆದರು. ಒಳಗಿನಿಂದ ಕೂಗು ಕೇಳಿಸಿತು. ‘ಯವ್ವಾ, ಇದೇನ ಇದು, ಕರೀ ಶಾವಗಿ!’

ಮಾಸ್ತರರು ಮಗುವಿನಂತೆ ಎರಡೂ ಕೈ ತಟ್ಟಿದರು. ‘ಅಂದೂ ಯೇಸುನ ಗವಿಗಿ ಮೊದಲು ಹೋಗಿ ನೋಡಿದವರು ಹೆಣ್ಣಮಕ್ಕಳ ತಮ್ಮಾ’ ಎಂದರು. ರೀಲಿನ ಡಬ್ಬಿ ಹೊರಗೆ ಬಂತು. ನಾವು ಉಂಡಿ ಡಬ್ಬಿ ಒಪ್ಪಿಸಿದೆವು. ಅಜ್ಜಿ ಮುಚ್ಚಳ ತೆಗೆದು ನೋಡಿದಳು. ಉಂಡಿಗಳನ್ನು ದುಂಡಗೆ ಸಾಲು ಹಿಡಿದು ಜೋಡಿಸಿದ್ದರು, ಮೇಲಿನ ಸಾಲಿನಲ್ಲಿ ಒಂದು ಕಡೆ ತೆರಪು. ದಡ್ಡನಂತೆ ನಾನು ಉಳಿದವನ್ನು ಸರಿಸಿಯೂ ಇರಲಿಲ್ಲ.

‘ಇಲ್ಲೊಂದು ಉಂಡಿ ಎಲ್ಲಿ ಹೋತು?’

ಸುತ್ತ ಬೀಗರು, ನೆಂಟರು, ಅರ್ಧ ಊರು. ಮಾಸ್ತರರು ನನ್ನ ಮುಖ ನೋಡಿದರು. ಅವರಿಗೆ ಆ ಕ್ಷಣದಲ್ಲೇ ಎಲ್ಲ ತಿಳಿಯಿತು.

‘ನಾ ತಿಂದೇನ್ರಿ ಯವ್ವಾ’ ಎಂದರು. ‘ಹಸಿವಿ ತಡೀಲಿಲ್ಲ.’

ಅಜ್ಜಿ ಬಿಡುವವಳಲ್ಲ. ‘ಸಾಲಿ ಮಾಸ್ತರಾಗಿ ದೇವರ ಮುಂದಿಡೂ ಉಂಡಿ ತಿಂತೀರೇನ್ರಿ? ಹುಡುಗರಿಗಿ ಏನ್ ಕಲಸ್ತೀರಿ? ಇಷ್ಟ ಚಂದ ನವಿಲ ಬರೀತೀರಿ, ಬಾಯಿ ಕಟ್ಟಾಕ ಬರಂಗಿಲ್ಲೇನು?’ ಮಾಸ್ತರರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ನೆಂಟರು ನಕ್ಕರು. ಯಾರೋ ‘ಉಂಡಿ ಮಾಸ್ತರ’ ಎಂದರು. ಕೊನೆಗೆ ಅಜ್ಜಿಯೇ ಸಿಟ್ಟಿಳಿದು ನಮಗೆ ನಾಷ್ಟಾ ಕೊಟ್ಟು, ಸಿಂದಗಿಯವರೆಗೆ ಚಕ್ಕಡಿ ಕಟ್ಟಿಸಿಕೊಟ್ಟಳು.

ಬಸ್ಸಿನಲ್ಲಿ ಕೂತ ಮೇಲೆ ಕೇಳಿದೆ, ‘ಸರ, ತಿಂದಾಂವ ನಾ. ನೀವ್ಯಾಕ ಬೈಸ್ಕೊಂಡ್ರಿ?’

ರೀಲಿನ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಕೂತಿದ್ದರು. ನನ್ನ ಕಡೆ ತಿರುಗಿ ಬೇಸರದಿಂದ ನೋಡಿದರು. ‘ಶುಕ್ರವಾರ ಎರಡು ತಾಸು ನಿಂತು ಇದ ಕಥಿ ಹೇಳೇನಲ್ಲೋ. ಮುಂದಿನ ಸಾಲಿನ್ಯಾಗ ಕುಂತು ಏನ್ ನೋಡ್ದಿ?’

ಇಂಡಿ ಮುಟ್ಟಿದಾಗ ಒಂದು ಹೊಡೆದಿತ್ತು. ಹಾಲು ಶುಕ್ರವಾರಕ್ಕಿಂತ ಹೆಚ್ಚು ತುಂಬಿತ್ತು. ಉಂಡಿಯ ಸುದ್ದಿ ಯಾವ ಬಸ್ಸು ಹತ್ತಿ ಬಂತೋ, ನಮಗಿಂತ ಮೊದಲೇ ಬಂದಿತ್ತು. ಹಿಂದಿನ ಬೆಂಚಿನಿಂದ ‘ಉಂಡಿ ಮಾಸ್ತರ’ ಎಂದು ಕೂಗಿದರು ಕೂಡ. ಕಂಪೌಂಡ್ ಗೋಡೆಯ ಮೇಲೆ ಕುರಿಗಾರರ ಸೀರೆ ಧೋತರ ಒಣಗುತ್ತಿದ್ದವು. ಮಾಸ್ತರರು ಆಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

‘ಮಳ್ಯಾಗ ಏನ್ ಮಾಡಿದ್ರಬೇ?’

‘ತೊಯ್ದಿವಿ’ ಎಂದಳು ಆಯಿ.

‘ಕಂಬಳಿ ಒಯ್ಯಬೇಕಿತ್ತಲ್ಲ.’

‘ಎದ್ದ ಮ್ಯಾಲೆ ಒಯ್ತೇವಿ ಅಂದಿದ್ದಿವಲ್ಲ. ನೀವು ತರ್ತೇನಿ ಅಂದ್ರಿ, ನಾವು ಕಾಯ್ತೇವಿ ಅಂದಿವಿ. ಇನ್ನ ಮಾತು ಸಾಕು, ತೋರಸ್ರಿ.’

ಮಶೀನು ತಿರುಗಿತು. ಹೆಂಗಸರು ಬುಟ್ಟಿ ಹಿಡಿದು ಗುಹೆಯ ಕಡೆ ನಡೆಯುತ್ತಿದ್ದಾರೆ. ಮಾಸ್ತರರು ಹೇಳುತ್ತ ಹೋದರು. ಬಂಡೆ ಸರಿದಿದೆ. ಒಳಗೆ ಬಟ್ಟೆ ಮಾತ್ರ ಬಿದ್ದಿದೆ. ಅಲ್ಲಿಗೆ ಮಾಸ್ತರರ ದನಿ ನಿಂತಿತು. ನಾನು ಪಕ್ಕದಲ್ಲೇ ಇದ್ದೆ. ಮಶೀನಿನ ಸದ್ದೊಂದೇ. ಪರದೆಯ ಮೇಲೆ ತೋಟ, ದೂರದಲ್ಲಿ ಬಿಳಿಯ ಬಟ್ಟೆಯ ಒಂದು ಆಕೃತಿ ಬರುತ್ತಿದೆ. ಕತ್ತಲಲ್ಲಿ ಆಯಿಯ ದನಿ ಕೇಳಿತು.

‘ಎದ್ದಾನೇನ್ರಿ ಮಾಸ್ತರ?’

ಇಡೀ ಹಾಲು ಮಾಸ್ತರರ ಕಡೆ ತಿರುಗಿತು. ನಾನೂ ತಿರುಗಿದೆ.

‘ಎದ್ದಾನಬೇ ಯವ್ವಾ’ ಎಂದರು ಮಾಸ್ತರರು. ‘ಎದ್ದಾನ.’

‘ಹಂಗಾರ ಬಿಚ್ಚರೋ’ ಎಂದಳು ಆಯಿ.

ಹದಿಮೂರು ಜನ ಒಟ್ಟಿಗೆ ಎದ್ದು ಕಂಬಳಿ ಎಳೆದರು. ಹನ್ನೊಂದು ಕಿಟಕಿ, ಎರಡು ಬಾಗಿಲು, ಅಷ್ಟೂ ಕಡೆಯಿಂದ ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗಿತು. ಬಿಳಿ ಬಟ್ಟೆಯವನು ನಡೆದು ಬರುತ್ತಿದ್ದಂತೆಯೇ ಆ ಬೆಳಕಿನಲ್ಲಿ ಕರಗಿ ಕಾಣದಾದ. ‘ಏ, ಇನ್ನೂ ಐತ್ರೋ, ಎರಡು ಮಿನಿಟು ಐತಿ’ ಎಂದು ಮಶೀನಿನವನು ಬಡಕೊಂಡ. ಯಾರು ಕೇಳುತ್ತಾರೆ? ಹೆಂಗಸರು ಆಗಲೇ ಆರತಿ ತಟ್ಟೆ ಹಿಡಿದು ಖಾಲಿ ಪರದೆಯ ಮುಂದೆ ನಿಂತಿದ್ದರು. ಅವರು ದೊಡ್ಡಾಟದ ಧಾಟಿಯಲ್ಲಿ ಮಂಗಳಾರತಿ ಶುರು ಮಾಡಿದರು, ಸಿಸ್ಟರ್ ತಮ್ಮ ಸಭೆಯ ಹಾಡು ಶುರು ಮಾಡಿದರು. ಎರಡೂ ಹೊಂದಲಿಲ್ಲ, ಎರಡೂ ನಿಲ್ಲಲಿಲ್ಲ.

ಮಾಸ್ತರರು ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. ಕೆನ್ನೆ ಒದ್ದೆಯಾಗಿತ್ತು.

‘ಸರ, ಕಡೀ ರೀಲು ಪೂರಾ ನೋಡಲಿಲ್ಲ ನೀವು’ ಎಂದೆ. ಕೆಣಕದೆ ಇರಲು ನನ್ನಿಂದ ಆಗಲಿಲ್ಲ.

‘ಬಿಡೋ, ಕಡೀಕ ಏನೈತಿ ಅಂತ ಗೊತ್ತಾತಲ್ಲ’ ಎಂದರು.

ಮಶೀನಿನವನಿಗೆ ಎರಡರ ಬಸ್ಸು ಸಿಕ್ಕಿತು. ಹೆಡ್‌ಮಾಸ್ತರರು ನನಗೆ ಮೆಮೊ ಕೊಟ್ಟರು, ಹಾಲಿನಲ್ಲಿ ಕುರಿ ವಾಸನೆ ಇದೆಯೆಂದು. ಮರುವರ್ಷದ ಈಸ್ಟರ್‌ನಲ್ಲಿ ಮಾಸ್ತರರು ಪುಸ್ತಕವನ್ನು ಸಿಸ್ಟರ್ ಕೈಗೆ ಕೊಡಲಿಲ್ಲ, ತಾವೇ ಓದಿದರು.

ಅಂದಿನಿಂದ ಇಂಡಿಯಲ್ಲಿ ಅವರು ಉಂಡಿ ಮಾಸ್ತರ. ಹುಡುಗರು ಬೋರ್ಡಿನ ಮೇಲೆ ದುಂಡಗೆ ಒಂದು ಉಂಡಿ ಬರೆದಿಡುತ್ತಿದ್ದರು. ಅವರು ಅದಕ್ಕೆ ನೆರಳು ಹಾಕಿ, ‘ಉಂಡಿಗಿ ಬೆಳಕು ಯಾವ ಕಡೆಯಿಂದ ಬರಬೇಕು, ಹೇಳ್ರಿ’ ಎಂದು ಅದನ್ನೇ ಪಾಠ ಮಾಡುತ್ತಿದ್ದರು. ನಾನು ಎರಡು ಸಲ ನಿಜ ಹೇಳಿಬಿಡುತ್ತೇನೆಂದು ಹೋದೆ. ‘ಸುಮ್ಮನಿರು, ಈಗ ಹೇಳಿದ್ರ ಹುಡುಗರಿಗಿ ಬ್ಯಾಸರಾಗ್ತೈತಿ’ ಎಂದು ಕೂಡಿಸಿದರು.

ಕುರಿಗಾರರು ವರ್ಷಕ್ಕೆರಡು ಸಲ ನಮ್ಮೂರ ಮೇಲೆ ಹಾಯುತ್ತಿದ್ದರು. ಆಯಿ ಗೇಟಿನ ಹತ್ತಿರ ನಿಂತು, ‘ಎದ್ದಾನೇನ್ರಿ?’ ಎನ್ನುತ್ತಿದ್ದಳು. ಮಾಸ್ತರರು ಕ್ಲಾಸಿನ ಕಿಟಕಿಯಿಂದಲೇ, ‘ಎದ್ದಾನಬೇ’ ಎನ್ನುತ್ತಿದ್ದರು. ಅದೇ ಅವರಿಬ್ಬರ ನಮಸ್ಕಾರ. ಮಾಸ್ತರರಿಗೆ ಬಸವನ ಬಾಗೇವಾಡಿಗೆ ವರ್ಗವಾದ ಮೇಲೆ ಅವಳು ಬಂದು ಅದೇ ಮಾತನ್ನು ನನ್ನನ್ನು ಕೇಳಿದಳು. ‘ಮಾಸ್ತರು ಹಂಗ ಅಂತಿದ್ದರಬೇ’ ಎಂದೆ. ಅವಳು ಕೋಲು ಊರಿ ನಿಂತಳು. ‘ಮಾಸ್ತರದು ಗೊತ್ತೈತಿ. ನಿಂದು ಹೇಳು.’ ನಾನು ಆಫೀಸಿನಲ್ಲಿ ಕೆಲಸವಿದೆ ಎಂದು ಒಳಗೆ ಹೋದೆ. ಮತ್ತೆ ಅವಳನ್ನು ಕಾಣಲಿಲ್ಲ.

ಇನ್ನು ಆ ಕಾರ್ಡಿನ ಮೂರನೆಯ ಸಾಲು. ‘ಯಂಕಂಚಿ ಮದುವೆ ಮನೆಯ ಉಂಡಿ ತಿಂದು ಸಿಕ್ಕಿಬಿದ್ದ ಕಥೆಯನ್ನು ಅಪ್ಪ ಮೊಮ್ಮಕ್ಕಳಿಗೆ ಹೇಳಿ ಹೇಳಿ ನಗಿಸುತ್ತಿದ್ದರು. ನಮ್ಮ ಅಪ್ಪ ಹಾಗೆ ಮಾಡುವವರಲ್ಲ, ನಿಜವಾಗಿಯೂ ಅವರೇ ತಿಂದಿದ್ದರೇ ಕಾಕಾ?’

ಮಗಳ ಮುಂದೆಯೂ ಹೇಳಿರಲಿಲ್ಲ. ಸಾಯುವವರೆಗೂ ನನ್ನ ಉಂಡಿಯನ್ನು ತಾವೇ ತಿಂದಿದ್ದರು.

ಅವತ್ತೇ ಉತ್ತರ ಬರೆಯಲು ಕೂತೆ. ‘ತಂಗೀ, ಆ ಉಂಡಿ ತಿಂದವನು ನಾನು, ನಿನ್ನ ಅಪ್ಪನಲ್ಲ. ಮೊಮ್ಮಕ್ಕಳಿಗೆ ಹೇಳು’ ಎಂದು ಬರೆದೆ. ಕೆಳಗೆ ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ಪೆನ್ನು ಕೆಳಗಿಡಲಿಲ್ಲ. ಚಾ ಆರಿಹೋಯಿತು. ಗೇಟಿನ ಹತ್ತಿರ ಕೋಲು ಊರಿ ನಿಂತ ಆಯಿಗೆ ನಾನು ಕೊಡದೆ ಉಳಿಸಿಕೊಂಡಿದ್ದ ಒಂದು ಮಾತಿತ್ತು. ‘ಎದ್ದಾನ’ ಎಂದು ಬರೆದು, ಕೆಳಗೆ ಸಹಿ ಮಾಡಿ, ನಾನೇ ಹೋಗಿ ಟಪಾಲಿಗೆ ಹಾಕಿ ಬಂದೆ.